ಬೀಗವಿಲ್ಲದ ಬಡಾವಣೆ

ಅಮ್ಮ ತಿಂಡಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕಿಟಕಿಯ ಪರದೆಗೆ "ಬಿಸಿ ಇದೆ" ಎಂದು ಹೇಳಿದಳು. ಪರದೆ ಏನೂ ಅನ್ನಲಿಲ್ಲ. "ಥ್ಯಾಂಕ್ಸ್ ಅಮ್ಮ" ಎಂದು ಹುಡುಗಿಯೇ ಅಂದಳು. ಅಮ್ಮನ ಕತ್ತಿನ ನರವೊಂದು ಸೆಟೆದುಕೊಂಡು ಸಡಿಲವಾಯಿತು. ಮುಖ ಮಾತ್ರ ಪರದೆಯ ಕಡೆಗೇ ಇತ್ತು. ಮಾತು ಬಂದ ದಿನದಿಂದ ಬಾಯಿ ಮುಚ್ಚದವಳೆಂದು ಅಪ್ಪ ಹುಡುಗಿಗೆ ಇಟ್ಟ ಹೆಸರು ಚಿನಕುರಳಿ. ಹದಿನೇಳು ತುಂಬಿದರೂ ಇಡೀ ಬಡಾವಣೆ ಅವಳನ್ನು ಹಾಗೆಯೇ ಕರೆಯುತ್ತಿತ್ತು, ಹೋದ ಭಾನುವಾರದ ಸಭೆಯ ತನಕ. ಆ ಸಭೆಯಲ್ಲಿ ಅವಳು ಎದ್ದು ನಿಂತು, "ಸಂಗೀತದ ಟೀಚರ್ ಎಲ್ಲಿ?" ಎಂದು ಕೇಳಿಬಿಟ್ಟಿದ್ದಳು. ದೊಡ್ಡಪ್ಪ ನಕ್ಕಿದ್ದರು. ಅವರು ಅವಳ ಸ್ವಂತ ದೊಡ್ಡಪ್ಪನೇನಲ್ಲ, ಬಡಾವಣೆಯ ಸಂಘದ ಅಧ್ಯಕ್ಷರು. ಹಸುಗೂಸಿನಿಂದ ಹಿಡಿದು ಹಲ್ಲಿಲ್ಲದವರ ತನಕ ಎಲ್ಲರಿಗೂ ಅವರು ದೊಡ್ಡಪ್ಪ. "ಮಗೂಗೆ ತುಂಬಾ ದಣಿವಾಗಿದೆ. ಸ್ವಲ್ಪ ವಿರಾಮ ಕೊಡೋಣ್ವಾ?" ಎಂದು ಕೇಳಿದ್ದರು, ಹಾಲು ಸಕ್ಕರೆಯಂಥ ದನಿಯಲ್ಲಿ. ಕೈಗಳು ಎದ್ದವು. ಮುಂದಿನ ಸಾಲಿನಲ್ಲಿ ಅಮ್ಮನ ಕೈ ಎದ್ದಿತು, ಬಳೆ ಮೊಣಕೈಗೆ ಜಾರುವಷ್ಟು ಎತ್ತರಕ್ಕೆ. ಅಪ್ಪನ ಕೈ ಅರ್ಧಕ್ಕೆ ಎದ್ದು, ಕನ್ನಡಕ ಸರಿಮಾಡಿಕೊಂಡು, ಮತ್ತೆ ಮೇಲೆ ಹೋಯಿತು.

ಅಂದಿನಿಂದ ಅವಳು ಇಲ್ಲ. ವಿರಾಮವೆಂದರೆ ಇಷ್ಟೇ: ಸಭೆ ಮತ್ತೆ ಕೈ ಎತ್ತುವ ತನಕ ಅವಳನ್ನು ಯಾರೂ ನೋಡುವಂತಿಲ್ಲ, ಮುಟ್ಟುವಂತಿಲ್ಲ, ಅವಳ ಮಾತು ಯಾರ ಕಿವಿಗೂ ಬೀಳುವಂತಿಲ್ಲ. ಅಪ್ಪಿತಪ್ಪಿ ಉತ್ತರ ಕೊಟ್ಟವರಿಗೂ ವಿರಾಮ. ಬೈಗುಳವಿಲ್ಲ, ಏಟಿಲ್ಲ, ಬಾಗಿಲು ಹಾಕಿ ಕೂಡಿಹಾಕುವುದಂತೂ ಇಲ್ಲವೇ ಇಲ್ಲ. ಬಾಗಿಲಿಗೆ ಬೀಗವೇ ಇಲ್ಲದ ಊರಲ್ಲಿ ಕೂಡಿಹಾಕುವುದು ಎಲ್ಲಿಂದ ಬಂತು? ಅದೇ ಅಲ್ಲವೇ ಈ ಬಡಾವಣೆಯ ಹೆಮ್ಮೆ. ಎಲ್ಲ ಮನೆಗಳಿಗೂ ಒಂದೇ ಕೆನೆಬಣ್ಣ, ಎಲ್ಲ ಬೇಲಿಗಳೂ ಮೊಣಕಾಲೆತ್ತರ, ಯಾವ ಬಾಗಿಲಿಗೂ ಬೀಗವಿಲ್ಲ. ಹೊರಗಿನವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದರು. ಇವತ್ತು ಮೂವರು ಅತಿಥಿಗಳು ಬರುವುದೂ ಅದನ್ನು ನೋಡುವುದಕ್ಕೇ. ಮಾದರಿ ಬಡಾವಣೆ ಎಂಬ ಬಿರುದಿಗೆ ಯಾವುದು ಯೋಗ್ಯವೆಂದು ಗೊತ್ತುಮಾಡುವವರು ಅವರು. ಹುಡುಗಿ ಚಿಕ್ಕವಳಿದ್ದಾಗ ವಿರಾಮದಲ್ಲಿದ್ದವರನ್ನು ಮಕ್ಕಳೆಲ್ಲ 'ಗಾಳಿ' ಎನ್ನುತ್ತಿದ್ದರು. ಪಕ್ಕದಲ್ಲಿ ಹಾದುಹೋದರೆ, "ಅಬ್ಬಾ, ತಂಪು ಗಾಳಿ" ಎಂದು ಕಿಸಕ್ಕೆಂದು ನಗುವುದು ಒಂದು ಆಟ. ಆ ಆಟದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ. ಈಗ ತಟ್ಟೆಯ ಮುಂದೆ ಕೂತು, ತನ್ನ ಕೈ ತನಗೆ ಕಾಣುತ್ತದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿಕೊಳ್ಳುವಾಗ ಆ ನಗುವೇ ಕಿವಿಯಲ್ಲಿ ಕೇಳಿಸುತ್ತಿತ್ತು. ಎರಡನೆಯ ದಿನ ಸ್ನಾನದ ಮನೆಯಲ್ಲಿ ಬೇಕೆಂದೇ ತಂಬಿಗೆ ಬೀಳಿಸಿದ್ದಳು. ಸದ್ದಾದರೆ ಯಾರಾದರೂ "ಏನೇ ಅದು" ಅನ್ನಬಹುದೆಂಬ ಆಸೆ. ಯಾರೂ ಅನ್ನಲಿಲ್ಲ. ಬಗ್ಗಿ ಎತ್ತಿಟ್ಟುಕೊಳ್ಳುವಾಗ ಆದ ನಾಚಿಕೆಯನ್ನು ಯಾರಿಗೂ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಸ್ಟೇಷನ್ ಮಾಸ್ತರ್ ತಾತನಿಗೂ ಹೀಗೇ ಅನ್ನಿಸಿತ್ತೇನೋ. ಮೂಲೆಮನೆಯ ತಾತ, ರೈಲ್ವೆಯಲ್ಲಿದ್ದು ನಿವೃತ್ತರಾದವರು, ಬೇಲಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಲು ಒಪ್ಪದೆ "ಗಿಡ ನಂದು, ಕತ್ತರಿ ನಿಮ್ದಾ?" ಎಂದು ಜಗಳ ತೆಗೆದು ವಿರಾಮಕ್ಕೆ ಹೋದವರು. ಒಂದೆರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವರು ಬಚ್ಚಲಲ್ಲಿ ಜಾರಿ ಬಿದ್ದು ಕೂಗಿದರು. ಹತ್ತು ಮನೆಗೆ ಕೇಳುವ ಕೂಗು. ರೈಲು ಬಿಡುತ್ತಿದ್ದ ಗಂಟಲಲ್ಲವೇ. ಅಮ್ಮ ಒಲೆಯ ಮುಂದೆ ನಿಂತವಳು ರೇಡಿಯೋದ ದನಿ ಏರಿಸಿದಳು. ಅಪ್ಪ ಪೇಪರಿನ ಪುಟ ತಿರುಗಿಸಿದ. ಹುಡುಗಿ ಜಡೆ ಹೆಣೆದುಕೊಳ್ಳುತ್ತಿದ್ದಳು. ಹೆಣೆದದ್ದನ್ನು ಬಿಚ್ಚಿ ಇನ್ನೊಮ್ಮೆ ಹೆಣೆದುಕೊಂಡಳು. ಕೂಗು ನಿಂತಮೇಲೆ ಓಡಿಹೋದವರು ಒಬ್ಬರೇ, ಎದುರು ಮನೆಯ ಸಂಗೀತದ ಟೀಚರ್. ಆಗಲೇ ಹೊತ್ತು ಮೀರಿತ್ತು. ತಾತ ನಿದ್ದೆಯಲ್ಲೇ ಹೋದರೆಂದು ಸಭೆಯಲ್ಲಿ ಸಂತಾಪ ಹೇಳಿದಾಗ ಟೀಚರ್ ಎದ್ದು, "ಅವರು ಕೂಗಿದ್ರು. ನಮಗೆಲ್ಲ ಕೇಳಿಸ್ತು. ಹೊರಗಿನವರಿಗೆ ಇದನ್ನ ನಾನು ಹೇಳ್ತೀನಿ" ಎಂದರು. ಅವರಿಗೂ ವಿರಾಮವಾಯಿತು. ಮಾರನೆಯ ದಿನವೇ ಅವರ ಮನೆಯ ನಲ್ಲಿ ನಿಂತುಹೋಯಿತು. ನಿಂತಿತೆಂದು ದೂರು ಕೊಟ್ಟರೆ ಕೇಳಿಸಿಕೊಳ್ಳುವವರು ಬೇಕಲ್ಲ. ಸಭಾಭವನದ ಮೆಟ್ಟಿಲ ಮೇಲೆ ಹುಡುಗಿಗೆ ಎದುರಾಗಿ, "ಸ್ವಲ್ಪ ನೀರು ಕೊಡ್ತೀಯಾ ಮರಿ?" ಎಂದು ಕೇಳಿದರು ಟೀಚರ್. ಏಳು ವರ್ಷ ಹಾಡು ಕಲಿಸಿದ ಬಾಯಿ, ತುಟಿ ಒಡೆದಿತ್ತು. ಹುಡುಗಿಯ ಕೈಯಲ್ಲಿ ಬಾಟಲಿ ತುಂಬ ನೀರಿತ್ತು. ಅವಳು ಟೀಚರ ಭುಜದಾಚೆಗೆ ಗೋಡೆಯ ಸ್ವಿಚ್ಚನ್ನು ನೋಡಿದಳು. ಸ್ವಿಚ್ಚಿನ ಒಂದು ಮೂಲೆ ಮುರಿದಿತ್ತು. ಅದನ್ನೇ ನೋಡುತ್ತ ಮೆಟ್ಟಿಲಿಳಿದಳು, ಬಾಟಲಿಯ ನೀರು ಕುಲುಕುವ ಸದ್ದು ಇಬ್ಬರಿಗೂ ಕೇಳುತ್ತಿತ್ತು. ಆಮೇಲೆ ಆ ನೀರನ್ನು ಕುಡಿಯಲಾಗದೆ ಹುಲ್ಲಿಗೆ ಚೆಲ್ಲಿದ್ದಳು. ಮುಂದಿನ ವಾರ, ಟೀಚರ್ ತಮ್ಮನ ಊರಿಗೆ ಹೋದರು ಎಂದು ಎಲ್ಲರೂ ಹೇಳಿಕೊಂಡರು.

ಈಗ ಹೊರಗೆ ಚಪ್ಪಲಿ ಸದ್ದಾಯಿತು. ದೊಡ್ಡಪ್ಪನೂ ಅವರ ಹಿಂದೆ ಬಡಾವಣೆಯ ಡಾಕ್ಟರೂ ಒಳಗೆ ಬಂದರು. ಅಪ್ಪ ಸಂಘದ ಸದಸ್ಯ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಇವತ್ತು ಅತಿಥಿಗಳನ್ನು ಎದುರುಗೊಳ್ಳಲು ಅಂಗಡಿ ಮುಚ್ಚಿದ್ದ. ದೊಡ್ಡಪ್ಪ ಹುಡುಗಿಯ ಪಕ್ಕದ ಕುರ್ಚಿಯನ್ನೇ ಎಳೆದು ಕೂತರು. ಅವರ ಮೊಣಕೈ ಅವಳ ತಟ್ಟೆಗೆ ತಗಲುತ್ತಿತ್ತು. "ಹನ್ನೊಂದಕ್ಕೆ ಸಭಾಭವನದಲ್ಲಿ ಎಲ್ಲರೂ ಇರಬೇಕು. ನಗ್ತಾ ಇರಬೇಕು" ಎಂದರು. ಡಾಕ್ಟರು ಅಮ್ಮ ಕೊಟ್ಟ ಟೀ ಹೀರುತ್ತ, "ಅವರು ಹೊರಟ ತಕ್ಷಣ ವ್ಯಾನ್ ಬರತ್ತೆ. ಸಾಯಂಕಾಲದೊಳಗೆ ಆಕೇನ ದೂರದ ಆಸ್ಪತ್ರೆಗೆ ಸೇರಿಸಿಬಿಡೋಣ. ಬುದ್ಧಿ ಸ್ಥಿಮಿತ ಇಲ್ಲ ಅಂತ ನಾನು ಹೇಳಿದ ಮೇಲೆ ಅಲ್ಲಿ ಮತ್ತೆ ಯಾರೂ ಕೇಳಲ್ಲ" ಎಂದರು. "ಉಗ್ರಾಣದಲ್ಲಿ ಸದ್ದುಗಿದ್ದು?" ಎಂದರು ದೊಡ್ಡಪ್ಪ. "ಮಾತ್ರೆ ಕೊಟ್ಟಿದ್ದೀನಿ. ನುಂಗ್ತಾಳೋ ಉಗೀತಾಳೋ ಗೊತ್ತಿಲ್ಲ." ದೊಡ್ಡಪ್ಪ ಟೀ ಮುಗಿಸಿ, "ಇಡೀ ಬಡಾವಣೆಯ ಒಳ್ಳೇದಕ್ಕಲ್ವೇನಪ್ಪಾ" ಎಂದು ಅಪ್ಪನ ಬೆನ್ನು ತಟ್ಟಿ ಎದ್ದರು. ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ಒರೆಸುತ್ತಲೇ ಇದ್ದ.

ಹುಡುಗಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹಾಗಾದರೆ ಅವಳಿಗೆ ಕೇಳಿಸಿದ್ದು ಭ್ರಮೆಯಲ್ಲ. ಆ ಭಾನುವಾರಕ್ಕೆ ಮುಂಚೆ ಒಂದು ಮಧ್ಯಾಹ್ನ ಸಭಾಭವನದ ಹಿಂದೆ ಚೆಂಡು ಹುಡುಕುತ್ತಿದ್ದಾಗ ಉಗ್ರಾಣದ ಗೋಡೆಯೊಳಗಿಂದ ಸಣ್ಣ ದನಿಯೊಂದು ಸ್ವರ ಏರಿಸುತ್ತಿತ್ತು. ನಡುವೆ ನಿಂತು, ಟಕ್ ಟಕ್ ಎಂದು ಎರಡು ಸಲ ತಟ್ಟಿ, ಮತ್ತೆ ಏರುತ್ತಿತ್ತು. ಟೀಚರ ಉಂಗುರದ ತಟ್ಟು ಅದು. ಹಾಡುವಾಗ ಉಸಿರು ತೆಗೆದುಕೊಳ್ಳದೆ ಓಡುವ ಚಿನಕುರಳಿಗಾಗಿಯೇ ಅವರು ಮೇಜಿನ ಮೇಲೆ ಹಾಗೆ ತಟ್ಟುತ್ತಿದ್ದರು: ಉಸಿರು ತಗೋ. ಉಗ್ರಾಣಕ್ಕೆ ಬೀಗ ಬಿದ್ದಿತ್ತು. ಇಲಿ ಕಾಟ ಅಂತ ಹಾಕಿದ್ದು ಎಂದಿದ್ದರು ಡಾಕ್ಟರು. ಇಲಿಗೆ ಬೋನಿಡುವುದನ್ನು ಕಂಡಿದ್ದಳು, ಬೀಗ ಹಾಕುವುದನ್ನು ಕಂಡಿರಲಿಲ್ಲ. ಆದರೆ ಈಗ ಅವಳು ಬೆಚ್ಚಿದ್ದು ಅದಕ್ಕಲ್ಲ. ಇವರು ಇದನ್ನೆಲ್ಲ ತನ್ನೆದುರಿಗೇ ಹೇಳಿದರು! ತನ್ನ ತಟ್ಟೆಗೆ ಮೊಣಕೈ ತಗಲಿಸಿಕೊಂಡು ಹೇಳಿದರು. ತನ್ನನ್ನು ಇಲ್ಲವೆಂದು ಎಷ್ಟು ಚೆನ್ನಾಗಿ ನಂಬಿದ್ದಾರೆಂದರೆ, ತಾನು ಇದ್ದೇನೆಂಬುದೇ ಅವರಿಗೆ ಮರೆತುಹೋಗಿದೆ. ವಾರದಿಂದ ಹೊತ್ತಿದ್ದ ಅವಮಾನ ಮಗ್ಗುಲು ಬದಲಿಸಿತು. ನೋಡಬಾರದು, ಮುಟ್ಟಬಾರದು, ಉತ್ತರಿಸಬಾರದು. ಅಂದಮೇಲೆ ತನ್ನನ್ನು ತಡೆಯುವುದು ಹೇಗೆ? ಅವಳಿಗೆ ನಗು ಬಂತು. ಯಾರೂ ಕೇಳುವವರಿಲ್ಲವಲ್ಲ ಎಂದು ಜೋರಾಗಿಯೇ ನಕ್ಕಳು. ಎದ್ದು, ಬಾಟಲಿಗೆ ನೀರು ತುಂಬಿಸಿಕೊಂಡು, ಅಪ್ಪನ ಮುಂದೆ ಒಂದು ಗಳಿಗೆ ನಿಂತು, "ಅಪ್ಪಾ, ನಾನು ಟೀಚರ್‌ನ ಕರ್ಕೊಂಡು ಬರೋಕೆ ಹೋಗ್ತಿದ್ದೀನಿ" ಎಂದು ಹೇಳಿ ಹೊರಟಳು.

ಬೀದಿ ತೊಳೆದಿಟ್ಟ ಹಾಗಿತ್ತು. ಕೆನೆಬಣ್ಣದ ಗೋಡೆಗಳ ಮೇಲೆ ಬಿಸಿಲು ಸಮನಾಗಿ ಬಿದ್ದಿತ್ತು, ಅದಕ್ಕೂ ಸಂಘದವರು ಅಳತೆ ಹಾಕಿಕೊಟ್ಟಿರಬೇಕು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವರು ಎದುರಾಗಿ, ಅವಳಿಗೆ ದಾರಿ ಬಿಡದೆಯೂ ಡಿಕ್ಕಿ ಹೊಡೆಯದೆಯೂ ಹಾದುಹೋಗುವ ಕಲೆಯನ್ನು ತೋರಿಸಿದರು. ನಿನ್ನೆಯ ತನಕ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದವಳು ಇವತ್ತು ರಸ್ತೆಯ ನಟ್ಟನಡುವೆ ನಡೆದಳು. ದೊಡ್ಡಪ್ಪನ ಮನೆಯ ಬಾಗಿಲು ತಳ್ಳಿದರೆ ತೆರೆಯಿತು, ಬೀಗವಿಲ್ಲವಲ್ಲ. ಅಡುಗೆಮನೆಯಲ್ಲಿ ದೊಡ್ಡಮ್ಮ, ದೊಡ್ಡಪ್ಪನ ಹೆಂಡತಿ, ಅತಿಥಿಗಳಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಹುಡುಗಿ ಅವರೆದುರಿಗೇ ಕಪಾಟು ತೆರೆದಳು. ಚಾಕು ನಿಂತಿತು, ಮತ್ತೆ ಟಕಟಕ ಶುರುವಾಯಿತು. ಡ್ರಾಯರು ಎಳೆದಳು, ಗೋಡೆಯ ಮೊಳೆಗಳ ಮೇಲೆ ಕೈಯಾಡಿಸಿದಳು. ಉಗ್ರಾಣದ ಬೀಗದ ಕೈ ಎಲ್ಲೂ ಇರಲಿಲ್ಲ. ಇಷ್ಟೇ ಏನು ತನ್ನ ಶೌರ್ಯ, ಬೇರೆಯವರ ಮನೆಯ ಡ್ರಾಯರು ಜಾಲಾಡುವಷ್ಟು? ಆಗ ದೊಡ್ಡಮ್ಮ ಸೌತೆಕಾಯಿಯಿಂದ ಕಣ್ಣು ತೆಗೆಯದೆ ಮಾತಾಡಿದರು.

"ಈ ಬೆಕ್ಕಿನ ಕಾಟ ಅತಿಯಾಯ್ತಪ್ಪ. ಎಲ್ಲಾ ಕಡೆ ಹುಡುಕತ್ತೆ, ಸಕ್ಕರೆ ಡಬ್ಬದ ಹಿಂದೆ ಮಾತ್ರ ನೋಡಲ್ಲ."

ಆ ಮನೆಯಲ್ಲಿ ಬೆಕ್ಕು ಯಾವತ್ತೂ ಇರಲಿಲ್ಲ. ಹುಡುಗಿ ಸಕ್ಕರೆ ಡಬ್ಬವನ್ನು ಸರಿಸಿದಳು. ಬೀಗದ ಕೈ ಅಲ್ಲಿತ್ತು.

"ದಿನಾ ಎರಡು ಹೊತ್ತು ಊಟ ಕಟ್ಟಿಸ್ಕೊಂಡು ಹೋಗ್ತಾರೆ" ಎಂದರು ದೊಡ್ಡಮ್ಮ, ಇನ್ನೊಂದು ಸೌತೆಕಾಯಿಯ ತೊಟ್ಟು ಕತ್ತರಿಸುತ್ತ. "ಯಾರಿಗ್ರೀ ಅಂದ್ರೆ, ಉಗ್ರಾಣದ ಇಲಿಗೆ ಅಂತಾರೆ. ಇಲಿ ಚಮಚ ಕೇಳತ್ತಾ? ನಾನೇನು ಇವರ ಹಾಗೆ ಓದಿದವಳಲ್ಲ ನಿಜ. ಆದ್ರೆ ಚಮಚ ತೊಳೆಯೋಳು ನಾನೇ ತಾನೇ." ಸೆರಗಿನಿಂದ ಮೂಗು ಒರೆಸಿಕೊಂಡರು. "ಹೋಗು ಬೆಕ್ಕೇ. ಗಾಳಿ ಬಂದಾಗ ತೂರಿಕೋ ಅಂತಾರೆ."

ಅವಳಿಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಮುಟ್ಟಿದರೆ ಅವರಿಗೆ ವಿರಾಮ. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಓಡಿದಳು.

ಉಗ್ರಾಣದೊಳಗೆ ಮಡಚಿದ ಕುರ್ಚಿಗಳ ರಾಶಿ, ಹಳೆಯ ಬ್ಯಾನರುಗಳು, ಒಂದು ಮಂಚ. ಮಂಚದ ಮೇಲೆ ಕೂತಿದ್ದ ಟೀಚರ್ ಬಾಗಿಲ ಬೆಳಕಿಗೆ ಕಣ್ಣು ಕಿರಿದು ಮಾಡಿದರು. ಸಣ್ಣಗಾಗಿದ್ದರು, ಉಂಗುರ ಜಾರದಂತೆ ಬೆರಳಿಗೆ ದಾರ ಸುತ್ತಿಕೊಂಡಿದ್ದರು. ಹುಡುಗಿ ದಾರಿಯುದ್ದಕ್ಕೂ ಏನೇನೋ ಮಾತು ಹೊಂದಿಸಿಕೊಂಡು ಬಂದಿದ್ದಳು: ಕ್ಷಮಿಸಿ ಎನ್ನುವುದು, ಸ್ವಿಚ್ಚಿನ ವಿಷಯ, ಹುಲ್ಲಿಗೆ ಚೆಲ್ಲಿದ ನೀರಿನ ವಿಷಯ. ಅದನ್ನೆಲ್ಲ ಬಿಟ್ಟು, ಬಾಟಲಿಯ ಮುಚ್ಚಳ ತೆಗೆದು ಮುಂದೆ ಚಾಚಿದಳು. "ತಡ ಆಯ್ತು ಟೀಚರ್" ಎಂದಳು. ಟೀಚರ್ ಬಾಟಲಿಯನ್ನು ನೋಡಿದರು, ಅವಳನ್ನು ನೋಡಿದರು, ಗಟಗಟ ಕುಡಿದರು. ಗಲ್ಲದ ಮೇಲೆ ಇಳಿದ ನೀರನ್ನು ಒರೆಸಿಕೊಂಡು, "ಬರ್ತೀಯಾ ಅಂತ ಗೊತ್ತಿತ್ತು ಅಂತ ಸುಳ್ಳು ಹೇಳಲ್ಲ" ಎಂದರು. "ಬಂದ್ಯಲ್ಲ, ಅದೇ ಹೆಚ್ಚು. ಮಾತ್ರೆಗಳು ಆ ಕುರ್ಚಿಗಳ ಸಂದಿಯಲ್ಲಿವೆ. ಒಂದೂ ನುಂಗಿಲ್ಲ." ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. ವಾರದ ಮೇಲೆ ಮನುಷ್ಯರ ಕೈಯೊಂದು ತನ್ನನ್ನು ಮುಟ್ಟಿದ್ದಕ್ಕೆ ಅವಳು ಗೊಳೋ ಎಂದು ಅತ್ತಳು. ಅತ್ತು ಮುಗಿಸಿ, ಬೀಗವನ್ನು ಕಿತ್ತುಕೊಂಡು, ಟೀಚರ ಕೈ ಹಿಡಿದು ನಡೆದಳು.

ಸಭಾಭವನದ ಮೆಟ್ಟಿಲ ಮೇಲೆ ಡಾಕ್ಟರು ನಿಂತಿದ್ದರು. ಇಬ್ಬರನ್ನೂ ಕಂಡರು. ಕಂಡೇ ಕಂಡರು, ಏಕೆಂದರೆ ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಕೈ ಮುಂದೆ ಬಂತು. "ಏನ್ ಡಾಕ್ಟ್ರೇ, ನಾನು ಕಾಣಿಸ್ತಿದ್ದೀನಾ?" ಎಂದು ಹುಡುಗಿ ಗಂಟಲೆತ್ತಿ ಕೇಳಿದಳು. ಬಾಗಿಲಲ್ಲಿದ್ದವರೆಲ್ಲ ತಿರುಗಿ ಡಾಕ್ಟರ ಕೈಯನ್ನು ನೋಡಿದರು. ಮುಟ್ಟಿದರೆ ನಾಳೆಯಿಂದ ಅವರೂ ಗಾಳಿ. ಅವರೇ ಎಷ್ಟೋ ಸಲ ಕೈಯೆತ್ತಿ ಗಟ್ಟಿಮಾಡಿದ ನಿಯಮ. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವರು ತಮ್ಮ ತಲೆ ಕೆರೆದುಕೊಂಡರು.

ಒಳಗೆ ದೊಡ್ಡಪ್ಪ ಮೈಕಿನ ಮುಂದೆ, "ನಮ್ಮ ಬಡಾವಣೆಯಲ್ಲಿ ಬೀಗ ಅನ್ನೋ ಪದಾರ್ಥವೇ ಇಲ್ಲ" ಎನ್ನುತ್ತಿದ್ದರು. ಎಲ್ಲರೂ ನಗುತ್ತ ಕೂತಿದ್ದರು, ಹೇಳಿಕೊಟ್ಟ ಹಾಗೆ. ನಡುವಿನ ಹಾದಿಯಲ್ಲಿ ಇಬ್ಬರೂ ನಡೆದು ಬಂದಾಗ ಒಂದು ತಲೆಯೂ ತಿರುಗಲಿಲ್ಲ. ನಗು ಮಾತ್ರ ಒಬ್ಬೊಬ್ಬರ ಮುಖದಲ್ಲೇ ಹೆಪ್ಪುಗಟ್ಟಿತು. ಅವಳು ವೇದಿಕೆ ಹತ್ತಿ, ಅತಿಥಿಗಳ ಮುಂದಿನ ಮೇಜಿನ ಮೇಲೆ ಬೀಗವನ್ನು ಇಟ್ಟಳು. ಠಣ್ಣೆಂದಿತು. ಅತಿಥಿಗಳಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಕನ್ನಡಕ ಏರಿಸಿ ಬೀಗವನ್ನೂ ಇವರಿಬ್ಬರನ್ನೂ ನೋಡಿದರು.

"ಇವರಿಬ್ಬರು ಯಾರು?" ಎಂದು ದೊಡ್ಡಪ್ಪನನ್ನು ಕೇಳಿದರು.

"ಯಾರಿಬ್ಬರು?" ಎಂದರು ದೊಡ್ಡಪ್ಪ.

ಅಷ್ಟು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಅಂದುಬಿಟ್ಟಿತು. ಹೆಂಗಸು ಮೂವರೊಳಗಿನ ಇನ್ನಿಬ್ಬರ ಮುಖ ನೋಡಿ, ಮತ್ತೆ ಕೇಳಿದರು: "ನಿಮ್ಮ ಪಕ್ಕದಲ್ಲೇ ನಿಂತಿದ್ದಾರಲ್ಲಾ ಸ್ವಾಮಿ. ಒಬ್ಬರು ಬರಿಗಾಲಲ್ಲಿದ್ದಾರೆ. ನಿಮಗೆ ಕಾಣ್ತಿಲ್ವಾ?"

ಕಾಣುತ್ತದೆ ಎಂದರೆ ವಿರಾಮ ಮುರಿಯಿತು. ಕಾಣುವುದಿಲ್ಲ ಎಂದರೆ ಹುಚ್ಚು. ದೊಡ್ಡಪ್ಪ ಸಭೆಯ ಕಡೆ ನೋಡಿದರು, ಯಾರಾದರೂ ಕೈಯೆತ್ತಿ ಕಾಪಾಡಲಿ ಎಂಬಂತೆ. ಹುಡುಗಿ ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಎದುರಿಗೆ ಅಷ್ಟೂ ಜನ, ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು, ಅವಳ ತಲೆಯ ಮೇಲಿನ ಗೋಡೆಯನ್ನು ನೋಡುತ್ತ ಕೂತಿದ್ದರು. ಯಾರ ಮೇಲೂ ಸಿಟ್ಟು ಬರಲಿಲ್ಲ. ಆ ಗೋಡೆ ತನಗೂ ಗೊತ್ತು. ತಾನೂ ಅವರ ಹಾಗೆಯೇ ಸ್ವಿಚ್ಚು ನೋಡಿದವಳು.

"ಸ್ಟೇಷನ್ ಮಾಸ್ತರ್ ತಾತ ಕೂಗಿದ್ದು ನಂಗೆ ಕೇಳಿಸ್ತು" ಎಂದಳು. "ಜಡೆ ಹಾಕ್ಕೊಳ್ತಾ ಇದ್ದೆ. ಕೇಳಿಸ್ಕೊಂಡೂ ಎದ್ದು ಹೋಗ್ಲಿಲ್ಲ. ಇನ್ನು ಯಾರ್ಯಾರಿಗೆ ಕೇಳಿಸ್ತು?"

ಯಾರೋ ಕೆಮ್ಮಿದರು. ಹೊರಗೆ ದೂರದಲ್ಲಿ ವ್ಯಾನೊಂದು ಹೊತ್ತಿಗೆ ಮುಂಚೆಯೇ ಬಂದು ನಿಂತಂತಾಯಿತು. ಮುಗಿಯಿತು, ಇನ್ನು ಇಬ್ಬರನ್ನೂ ಅದರಲ್ಲೇ ತುಂಬುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಬಳೆ ಸದ್ದಾಯಿತು. ಅಮ್ಮ ಎದ್ದು ನಿಂತಿದ್ದಳು. ಪರದೆಯನ್ನಲ್ಲ, ಗೋಡೆಯನ್ನಲ್ಲ, ಮಗಳ ಮುಖವನ್ನು ನೇರವಾಗಿ ನೋಡುತ್ತಿದ್ದಳು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು.

"ನಂಗೆ ಕೇಳಿಸ್ತು ಕಣೇ. ರೇಡಿಯೋ ಜೋರು ಮಾಡಿದೆ. ನಂಗೆ ಕೇಳಿಸ್ತು."

"ನಂಗೂ" ಎಂದು ಅಪ್ಪ ಎದ್ದ. ಅವನ ಕೈಯಲ್ಲಿ ಕನ್ನಡಕವಿತ್ತು. ಬರಿಗಣ್ಣಲ್ಲೇ ಮಗಳನ್ನು ಹುಡುಕಿ, "ಚಿನಕುರಳೀ, ನಂಗೂ ಕೇಳಿಸ್ತಮ್ಮ" ಎಂದ. ಹಿಂದಿನ ಸಾಲಿನಿಂದ ದೊಡ್ಡಮ್ಮ, "ನಮ್ಮ ಮನೆಗೂ ಕೇಳಿಸ್ತು. ಇವರೇ ಕಿಟಕಿ ಮುಚ್ಚಿದ್ದು" ಎಂದು ಗಂಡನ ಕಡೆ ಬೆರಳು ತೋರಿಸಿದರು. ಆಮೇಲೆ ಕಟ್ಟೆ ಒಡೆಯಿತು. ನಂಗೆ, ನಮಗೆ, ನಾನು ಸ್ನಾನ ಮಾಡ್ತಿದ್ದೆ, ನಾನು ಬಾಗಿಲ ತನಕ ಬಂದೆ, ನಮ್ಮಣ್ಣನಿಗೂ ವಿರಾಮ ಆಗಿತ್ತು, ನಮ್ಮತ್ತೆಗೆ... ವರ್ಷಗಳಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಹೊರಬಂತು. ಇಸ್ತ್ರಿ ಅಂಗಿಗಳು ಮುದುಡಿದವು, ಕುರ್ಚಿಗಳು ಉರುಳಿದವು. ಯಾರೋ ಟೀಚರಿಗೆ ಚಪ್ಪಲಿ ತಂದು ಕಾಲ ಬಳಿ ಇಟ್ಟರು. ಅತಿಥಿ ಹೆಂಗಸು ಎದ್ದು ನಿಂತು ಫೋನಿನಲ್ಲಿ ಪೊಲೀಸರಿಗೆ ದಾರಿ ಹೇಳುತ್ತಿದ್ದರು. ಮೆಟ್ಟಿಲ ಮೇಲೆ ನಾಲ್ಕು ಜನ ಡಾಕ್ಟರನ್ನು ಸುತ್ತುಗಟ್ಟಿದ್ದರು. ಬಂದ ವ್ಯಾನು ಬರಿದಾಗಿಯೇ ಹಿಂದಕ್ಕೆ ತಿರುಗಿತು. ಅಷ್ಟು ಗದ್ದಲ, ಅಷ್ಟು ಕೊಳಕು, ಅಷ್ಟು ಜೀವಂತವಾದ ಸದ್ದನ್ನು ಆ ಸಭಾಭವನ ಕೇಳಿರಲಿಲ್ಲ. ಹುಡುಗಿಗೆ ಮೈಯೆಲ್ಲ ರೆಕ್ಕೆ ಬಂದ ಹಾಗಾಯಿತು. ಗೆದ್ದೆವು, ಟೀಚರ್, ಗೆದ್ದೆವು!

"ಶಾಂತಿ! ಎಲ್ಲರೂ ಶಾಂತಿ!" ಎಂದು ದೊಡ್ಡಪ್ಪ ಕೂಗುತ್ತಿದ್ದರು. ಯಾರೂ ತಿರುಗಲಿಲ್ಲ. "ನಾನು ಮಾತಾಡ್ತಿದ್ದೀನಿ! ಯಾರಿಗೂ ಕೇಳಿಸ್ತಿಲ್ವಾ?" ಹತ್ತಿರವಿದ್ದವರೂ ಅವರ ಭುಜದಾಚೆಗೆ ನೋಡಿದರು. ಅಭ್ಯಾಸವಾದ ಕಣ್ಣುಗಳಲ್ಲವೇ, ಸುಲಭವಾಗಿ ನೋಡಿದವು. ಅವರು ಹುಡುಗಿಯ ಕಡೆ ತಿರುಗಿದರು. ತುಟಿ ಒಣಗಿತ್ತು. ಅವರ ಹಿಂದಿನ ಗೋಡೆಯಲ್ಲೂ ಒಂದು ಸ್ವಿಚ್ಚಿತ್ತು. ಅದನ್ನು ನೋಡಿದರೆ ಸಾಕು, ಎಲ್ಲ ಲೆಕ್ಕ ಚುಕ್ತಾ. ಅವಳು ನೋಡಲಿಲ್ಲ.

"ನಂಗೆ ಕೇಳಿಸ್ತಿದೆ ದೊಡ್ಡಪ್ಪ" ಎಂದಳು, ಅವರ ಕಣ್ಣಲ್ಲಿ ಕಣ್ಣಿಟ್ಟು. "ಹೇಳಿ, ಏನು?"

ದೊಡ್ಡಪ್ಪ ಬಾಯಿ ತೆರೆದರು. ಅವಳು ಕಾದಳು, ಅವರು ಬಾಯಿ ಮುಚ್ಚಿ ಕುರ್ಚಿಯಲ್ಲಿ ಕುಸಿಯುವ ತನಕ ಕಾದಳು. ಅತಿಥಿ ಹೆಂಗಸು ಫೋನು ಕೆಳಗಿಟ್ಟು, "ಬಾಮ್ಮ, ಮೊದಲಿಂದ ಹೇಳು" ಎಂದರು. ಅವಳು ಒಂದೇ ಉಸಿರಿಗೆ ಶುರುಮಾಡಿದ್ದೇ ತಡ, ಪಕ್ಕದಲ್ಲಿ ಮೇಜಿನ ಮೇಲೆ ಉಂಗುರ ಎರಡು ಸಲ ತಟ್ಟಿತು. ಟಕ್ ಟಕ್. ಚಿನಕುರಳಿ ನಿಲ್ಲಿಸಿದಳು, ಎದೆ ತುಂಬ ಉಸಿರು ತೆಗೆದುಕೊಂಡಳು. ಹೇಳುವುದು ಇನ್ನೂ ಬಹಳ ಇತ್ತು.